ಬರೆದ ಹೋಂವರ್ಕ್ ಬ್ಯಾಗಿನಲ್ಲೇ ಉಳಿಯುವುದು ಯಾಕೆ?

ಕಳೆದ ವರ್ಷ ಜುಲೈಯ ಒಂದು ಭಾನುವಾರ ಮಗಳ ಸ್ಕೂಲ್ ಬ್ಯಾಗ್ ತೊಳೆಯಲೆಂದು ಮಗುಚಿ ಕೊಡವಿದೆ. ಮಳೆಗೆ ನೆನೆದು ಬ್ಯಾಗಿಡೀ ಮುಗ್ಗಲು ವಾಸನೆ. ಒಳಗಿಂದ ಒಣಗಿದ ರೆಂಜೆ ಹೂ, ಮುಚ್ಚಳ ಇಲ್ಲದ ಎರಡು ಪೆನ್ನು, ಅರ್ಧ ತಿಂದ ಚಿಕ್ಕಿ ಬಿತ್ತು. ಅದರ ಹಿಂದೆಯೇ ಮುದ್ದೆಯಾದ ಮೂರು ಹಾಳೆ. ಬಿಡಿಸಿ ನೋಡಿದರೆ ಗಣಿತದ ಹೋಂವರ್ಕ್. ಮೂರೂ ಪೂರ್ತಿ ಮಾಡಿದ್ದು, ಮೂರೂ ಸರಿ. ಅದನ್ನು ಕೊಡಲಿಲ್ಲ ಅಂತಲೇ ಆ ವಾರ ಅವಳು ಎರಡು ದಿನ ಕ್ಲಾಸಿನ ಹೊರಗೆ ನಿಂತಿದ್ದಳು.

"ಮಾಡಿದ್ದನ್ನು ಕೊಡಬಹುದಿತ್ತಲ್ಲ?" ಅಂತ ಕೇಳಿದೆ.

"ಟೀಚರ್ ಕೇಳುವಾಗ ಬ್ಯಾಗಿನಲ್ಲಿ ಉಂಟು ಅನ್ನೋದೇ ಮರೆತುಹೋಗಿತ್ತು ಅಮ್ಮ. ಆಮೇಲೆ ನೆನಪಾಯ್ತು. ಆಗ ಕೊಡಲಿಕ್ಕೆ ಹೆದರಿಕೆ ಆಯ್ತು."

ಲೆಕ್ಕ ಮಾಡುವ ಬುದ್ಧಿ ಇದೆ. ಬೇಕಾದ ಹೊತ್ತಿಗೆ ನೆನಪು ಕೈಗೆ ಸಿಗುವುದಿಲ್ಲ. ಅದರ ಬೆನ್ನಿಗೇ ಹೆದರಿಕೆ. ಜಾಣತನ, ಎಡಿಎಚ್‌ಡಿ ಎಂಬ ಗಮನದ ತೊಡಕು, ಆತಂಕ, ಈ ಮೂರೂ ನನ್ನ ಮಗಳ ಹಾಗೆ ಒಂದೇ ಮಗುವಿನಲ್ಲಿ ಸೇರಿದಾಗ ಏನಾಗುತ್ತದೆ ಅಂತ ಅರ್ಥ ಮಾಡಿಕೊಳ್ಳಲು ನಮಗೆ ಒಂದು ವರ್ಷ ಬೇಕಾಯಿತು. ನಿಮಗೆ ಅಷ್ಟು ಕಾಲ ಹಿಡಿಯದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಹತ್ತಿರದ ಶಂಕರಪುರ ಕಡೆ. ಇಲ್ಲಿ ಇಂಥ ಮಕ್ಕಳ ಬಗ್ಗೆ ಒಂದು ಮಾತು ಸದಾ ಕೇಳಿಬರುತ್ತದೆ: "ಮಂಡೆ ಉಂಟು, ಉದಾಸೀನ ಜಾಸ್ತಿ." ಹೇಳುವವರಿಗೆ ಕೆಟ್ಟ ಮನಸ್ಸಿಲ್ಲ. ನಮ್ಮ ಎರಡು ಜಿಲ್ಲೆಗಳಲ್ಲಿ ಓದಿನ ಗಾಳಿ ಹಾಗಿದೆ. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಅದೇ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡು. ಇಂಥ ಊರಿನಲ್ಲಿ ಬುದ್ಧಿ ಇದ್ದೂ ಮಾರ್ಕ್ಸ್ ಬಾರದ ಮಗುವನ್ನು ನೋಡಿದರೆ ಎಲ್ಲರಿಗೂ ಮೊದಲು ಹೊಳೆಯುವುದು ಸೋಮಾರಿತನವೇ. ನನಗೂ ಹಾಗೇ ಅನಿಸಿತ್ತು. ಬೈದಿದ್ದೇನೆ ಕೂಡ.

ಎಡಿಎಚ್‌ಡಿಯನ್ನು ಕನ್ನಡದಲ್ಲಿ ಗಮನದ ಕೊರತೆ ಮತ್ತು ಅತಿ ಚಟುವಟಿಕೆ ಅನ್ನುತ್ತಾರೆ. ಆ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ನನ್ನ ಮಗಳು ಶನಿಗ್ರಹದ ಉಂಗುರಗಳ ಪುಸ್ತಕ ಹಿಡಿದರೆ ಎರಡು ಗಂಟೆ ಮಿಸುಕಾಡುವುದಿಲ್ಲ. ಹಾಗಾದರೆ ಗಮನಕ್ಕೆ ಎಲ್ಲಿ ಕೊರತೆ? ಗಮನ ಬೇಕಾದಷ್ಟಿದೆ. ಅದನ್ನು ಬೇಕಾದ ಕಡೆ ತಿರುಗಿಸುವ, ಸಾಕು ಎಂದಾಗ ಬಿಡಿಸಿಕೊಳ್ಳುವ ಹಿಡಿತ ಕಡಿಮೆ. ಆ ಹಿಡಿತ ಮುಖ್ಯವಾಗಿ ಮಿದುಳಿನ ಮುಂಭಾಗದ ಕೆಲಸ. ಕೆಲಸ ಶುರು ಮಾಡುವುದು, ಯಾವುದು ಮೊದಲು ಯಾವುದು ಆಮೇಲೆ ಅಂತ ನೋಡುವುದು, ಹೊತ್ತು ಅಳೆಯುವುದು, ಬಾಯಿಗೆ ಬಂದದ್ದನ್ನು ತಡೆಯುವುದು ಎಲ್ಲ ಅಲ್ಲಿಂದಲೇ ನಡೆಯುತ್ತದೆ. 2007ರಲ್ಲಿ ಅಮೆರಿಕದ ಸಂಶೋಧಕರು ನೂರಾರು ಮಕ್ಕಳ ಮಿದುಳಿನ ಸ್ಕ್ಯಾನ್ ಹೋಲಿಸಿ ನೋಡಿದ್ದರು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಮಿದುಳಿನ ಹೊರಪದರ ಬಲಿಯುವ ಕ್ರಮ ಉಳಿದವರ ಹಾಗೇ ಇತ್ತು, ಆದರೆ ಸುಮಾರು ಮೂರು ವರ್ಷ ತಡವಾಗಿತ್ತು. ತಡ ಜಾಸ್ತಿ ಕಂಡದ್ದು ಮುಂಭಾಗದಲ್ಲೇ. ಇದನ್ನು ಓದಿದ ದಿನ ನನಗೆ ಒಂದು ಹೊಸ ಲೆಕ್ಕ ಸಿಕ್ಕಿತು. ನನ್ನ ಹನ್ನೊಂದು ವರ್ಷದ ಮಗಳು ಓದುವುದು ಹದಿನೈದರ ಮಕ್ಕಳ ಪುಸ್ತಕ. ಬ್ಯಾಗ್ ಜೋಡಿಸುವಾಗ ಮಾತ್ರ ಅವಳಿಗೆ ಎಂಟು ವರ್ಷ. ಎರಡೂ ನಿಜ.

ಕ್ಲಾಸಿನಲ್ಲಿ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಟೀಚರ್ ಒಂದೇ ಉಸಿರಿಗೆ ಹೇಳುತ್ತಾರೆ: "ಪುಸ್ತಕ ತೆಗೀರಿ, 43ನೇ ಪುಟ, ಎರಡನೇ ಲೆಕ್ಕ, ಮಾರ್ಜಿನ್ ಹಾಕಿ ಬರೀರಿ." ಉಳಿದ ಮಕ್ಕಳು ನಾಲ್ಕು ಮಾತನ್ನೂ ತಲೆಯಲ್ಲಿ ಹಿಡಿದುಕೊಂಡು ಒಂದೊಂದಾಗಿ ಮಾಡುತ್ತಾರೆ. ನನ್ನ ಮಗಳು ಪುಸ್ತಕ ತೆಗೆಯುವಷ್ಟರಲ್ಲಿ ಉಳಿದ ಮೂರು ಜಾರಿಹೋಗಿರುತ್ತವೆ. ಪಕ್ಕದವಳ ಪುಸ್ತಕಕ್ಕೆ ಇಣುಕುತ್ತಾಳೆ. "ಏನು ಕಾಪಿ ಮಾಡ್ತಿದ್ದೀ?" ಅಂತ ಬೈಗುಳ ಬೀಳುತ್ತದೆ. ಒಂದು ಕೆಲಸ ಮಾಡುತ್ತಿರುವಾಗಲೇ ಇನ್ನೊಂದನ್ನು ತಲೆಯಲ್ಲಿ ಹಿಡಿದಿಡುವ ಈ ನೆನಪಿಗೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಬುದ್ಧಿಯೇ ಬೇರೆ, ಇದೇ ಬೇರೆ. ಅರ್ಥ ಮಾಡಿಕೊಳ್ಳುವುದರಲ್ಲಿ ಎಷ್ಟೇ ಚುರುಕಿದ್ದರೂ ಇದು ಚಿಕ್ಕದಿರಬಹುದು.

ಜಗತ್ತಿನಲ್ಲಿ ಸುಮಾರು ನೂರಕ್ಕೆ ಐದು ಮಕ್ಕಳಿಗೆ ಎಡಿಎಚ್‌ಡಿ ಇದೆ ಅಂತ ಅಂದಾಜು. ವಂಶದಲ್ಲಿ ಬರುವುದು ಬಹಳ. ನನ್ನ ಗಂಡ ಶಾಲೆಗೆ ಹೋಗುವಾಗ ಒಂದೇ ಮಳೆಗಾಲದಲ್ಲಿ ನಾಲ್ಕು ಕೊಡೆ ಕಳೆದದ್ದನ್ನು ಅತ್ತೆ ಈಗಲೂ ಹೇಳುತ್ತಾರೆ. ಮೊಬೈಲ್ ಕೊಟ್ಟದ್ದರಿಂದ, ಮುದ್ದು ಮಾಡಿದ್ದರಿಂದ ಇದು ಬರುವುದಿಲ್ಲ. ಇನ್ನೊಂದು ಮಾತು ಹೆಣ್ಣುಮಕ್ಕಳ ಬಗ್ಗೆ. ಓಡುವ, ಹಾರುವ, ಬೆಂಚು ಹತ್ತುವ ಮಗುವಾದರೆ ಬೇಗ ಕಣ್ಣಿಗೆ ಬೀಳುತ್ತದೆ. ಕಿಟಕಿಯಾಚೆ ನೋಡುತ್ತಾ ಸುಮ್ನೆ ಕೂರುವ ಮಗು ಯಾರಿಗೂ ಉಪದ್ರ ಕೊಡುವುದಿಲ್ಲ. ಹಾಗಾಗಿ ಯಾರೂ ನೋಡುವುದಿಲ್ಲ. ಹೆಣ್ಣುಮಕ್ಕಳಲ್ಲಿ ಈ ಎರಡನೇ ಬಗೆಯೇ ಜಾಸ್ತಿ ಕಾಣುವುದರಿಂದ ಅವರಿಗೆ ಗೊತ್ತಾಗುವುದು ತಡ.

ಬುದ್ಧಿ ಜಾಸ್ತಿ ಇದ್ದರೆ ಇನ್ನೂ ತಡ. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ನನ್ನ ಮಗಳು ಕೇಳಿಸಿಕೊಂಡೇ ಪಾಸಾದಳು, ಅದೂ ಒಳ್ಳೆಯ ಮಾರ್ಕ್ಸಿನಲ್ಲಿ. ಪುಸ್ತಕ ತೆರೆಯುವ ಅಗತ್ಯವೇ ಬರಲಿಲ್ಲ. ಐದು, ಆರಕ್ಕೆ ಬಂದಾಗ ವಿಷಯಕ್ಕೊಬ್ಬ ಟೀಚರ್, ಉದ್ದ ಉತ್ತರ, ಪ್ರಾಜೆಕ್ಟ್, ಒಂದೇ ವಾರದಲ್ಲಿ ಮೂರು ಟೆಸ್ಟ್. ಬರಿಯ ಬುದ್ಧಿಯಿಂದ ಸರಿದೂಗಿಸುತ್ತಿದ್ದದ್ದು ಅಲ್ಲಿಗೆ ಕುಸಿಯಿತು. ಗಣಿತದ ಪೇಪರಿನಲ್ಲಿ ಉತ್ತರ ಮಾತ್ರ ಇರುತ್ತಿತ್ತು, ಹಂತಗಳಿಲ್ಲ. ಕೊನೆಯ ಪುಟ ತಿರುಗಿಸಿಯೇ ಇರುತ್ತಿರಲಿಲ್ಲ. "ನಾಲ್ಕರವರೆಗೆ ಎಷ್ಟು ಚೆಂದ ಓದುತ್ತಿದ್ದಳು, ಈಗ ಏನಾಯ್ತು?" ಅಂತ ಎಲ್ಲರೂ ಕೇಳಿದರು. ಅವಳಲ್ಲಿ ಏನೂ ಬದಲಾಗಿರಲಿಲ್ಲ. ಶಾಲೆ ಕೇಳುವ ಕೆಲಸ ಬದಲಾಗಿತ್ತು.

ಬುದ್ಧಿಯೂ ತೊಡಕೂ ಒಟ್ಟಿಗೆ ಇರುವ ಇಂಥ ಮಕ್ಕಳಿಗೆ ಹೊರದೇಶಗಳಲ್ಲಿ ಟ್ವೈಸ್ ಎಕ್ಸೆಪ್ಷನಲ್ ಅನ್ನುತ್ತಾರೆ. ಬುದ್ಧಿ ತೊಡಕನ್ನು ಮುಚ್ಚುತ್ತದೆ, ತೊಡಕು ಬುದ್ಧಿಯನ್ನು ಮುಚ್ಚುತ್ತದೆ. ಹೊರಗೆ ಕಾಣುವುದು ಒಂದು ಸಾಧಾರಣ ಮಗು. ಐಕ್ಯೂ ಪರೀಕ್ಷೆಯ ವರದಿಯಲ್ಲೂ ಹೀಗೇ ಆಗುತ್ತದೆ. ಆ ಪರೀಕ್ಷೆಯಲ್ಲಿ 100 ಅಂದರೆ ಸರಾಸರಿ, 130 ದಾಟುವವರು ನೂರಕ್ಕೆ ಸುಮಾರು ಇಬ್ಬರು. ಮಾತು ಮತ್ತು ತರ್ಕದಲ್ಲಿ 135, ಬೇಗ ಬೇಗ ಬರೆಯುವ ಕೆಲಸದಲ್ಲಿ 88 ಬಂದ ಮಗುವನ್ನು ನೆನೆಸಿಕೊಳ್ಳಿ. ಎಲ್ಲ ಸೇರಿಸಿ ಒಂದೇ ಸಂಖ್ಯೆ ಮಾಡಿದರೆ ಅದು ಈ ಎರಡರ ನಡುವೆ ಎಲ್ಲೋ ಬಂದು ನಿಲ್ಲುತ್ತದೆ. ಆ ಒಂದು ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ವರದಿ ಕೈಗೆ ಬಂದಾಗ ಒಳಗಿನ ಒಂದೊಂದು ಭಾಗದ ಅಂಕ ನೋಡಿ. ಅಂತರ ಎಲ್ಲಿದೆ, ಅದರಿಂದ ಕ್ಲಾಸಿನಲ್ಲಿ ಏನಾಗುತ್ತದೆ ಅಂತ ಸೈಕಾಲಜಿಸ್ಟ್ ಹತ್ತಿರ ಬಿಡಿಸಿ ಕೇಳಿ. ಫೀಸ್ ಕೊಟ್ಟಿದ್ದೀರಿ, ಕೇಳುವ ಹಕ್ಕಿದೆ.

ಇನ್ನು ಆತಂಕ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟ ಭಾಗ. ನಮ್ಮಲ್ಲಿ ಅದು ಹೊಟ್ಟೆನೋವಾಗಿ ಬಂತು. ಸೋಮವಾರ ಬೆಳಿಗ್ಗೆ ಏಳಕ್ಕೆ ಶುರು, ವ್ಯಾನ್ ಹೋದ ಮೇಲೆ ಒಂಬತ್ತಕ್ಕೆ ಮಾಯ. ಅಲ್ಟ್ರಾಸೌಂಡ್ ಮಾಡಿಸಿದೆವು, ಹುಳದ ಮಾತ್ರೆ ಕೊಟ್ಟೆವು, ಅತ್ತೆ ದೃಷ್ಟಿ ತೆಗೆದರು. ನೋವು ನಾಟಕ ಅಲ್ಲ. ಹೆದರಿಕೆಯಾದಾಗ ಮೈ ನಿಜವಾಗಿ ಬದಲಾಗುತ್ತದೆ, ಹೊಟ್ಟೆ ನಿಜವಾಗಿ ಹಿಂಡುತ್ತದೆ.

ಎಡಿಎಚ್‌ಡಿ ಇರುವ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಆತಂಕದ ತೊಂದರೆಯೂ ಇರುತ್ತದೆ. ಯಾಕೆ ಅಂತ ಯೋಚಿಸಿದರೆ ಕಷ್ಟವಿಲ್ಲ. ದಿನಾ ಏನೋ ಒಂದು ಮರೆಯುತ್ತದೆ. ಯಾವುದು ಅಂತ ಮೊದಲೇ ಗೊತ್ತಿಲ್ಲ. ಬೈಗುಳ ಯಾವ ಕಡೆಯಿಂದ ಬರುತ್ತದೆ ಅಂತಲೂ ಗೊತ್ತಿಲ್ಲ. ಹಾಗೆ ಬದುಕುವ ಮಗು ಸದಾ ಮೈಯೆಲ್ಲ ಕಿವಿಯಾಗಿ ಕಾಯುತ್ತಿರುತ್ತದೆ. ಬುದ್ಧಿವಂತ ಮಗುವಾದರೆ ಮುಂದೆ ಏನೇನು ಕೆಡಬಹುದು ಅಂತ ಹತ್ತು ಬಗೆಯಲ್ಲಿ ಊಹಿಸಬಲ್ಲದು. ಇಷ್ಟೆಲ್ಲ ಹೆದರಿಕೆ ತಲೆ ತುಂಬಿದರೆ, ಮೊದಲೇ ಚಿಕ್ಕದಿರುವ ಆ ವರ್ಕಿಂಗ್ ಮೆಮೊರಿಯಲ್ಲಿ ಪಾಠಕ್ಕೆ ಜಾಗ ಎಲ್ಲಿ? ಆಗ ಇನ್ನೂ ಮರೆವು, ಅದರಿಂದ ಇನ್ನೂ ಹೆದರಿಕೆ.

ಇದರ ಜೊತೆಗೆ ತಪ್ಪಿಸಿಕೊಳ್ಳುವ ಅಭ್ಯಾಸ ಬೆಳೆಯುತ್ತದೆ. ಹೊಟ್ಟೆನೋವೆಂದು ಒಂದು ದಿನ ರಜೆ ಹಾಕಿದರೆ ಆ ಕ್ಷಣಕ್ಕೆ ಮೈ ಹಗುರ. ಶಾಲೆ ತಪ್ಪಿದ್ದಕ್ಕೇ ಬದುಕಿದೆ ಅಂತ ಮಿದುಳು ಕಲಿಯುತ್ತದೆ. ಮಾರನೇ ದಿನ ಹೋಗುವುದು ಇನ್ನೂ ಕಷ್ಟ. ನಮ್ಮಲ್ಲಿ ಜೂನ್, ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಟ್ಟಾಗ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಎರಡು ದಿನ ಸಾಲಾಗಿ ರಜೆ ಬಂದರೆ ಮೂರನೇ ದಿನ ಬೆಳಿಗ್ಗೆ ಮನೆಯಲ್ಲಿ ಅಳು. ಹಾಗಾಗಿ ಈಗ ಮಳೆ ರಜೆಯಲ್ಲೂ ಏಳುವ ಹೊತ್ತು, ತಿಂಡಿಯ ಹೊತ್ತು, ಓದುವ ಹೊತ್ತು ಬದಲಾಯಿಸುವುದಿಲ್ಲ. ಯೂನಿಫಾರ್ಮ್ ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿಯೇ ಇರುತ್ತೇವೆ.

ಯಾರಿಗೆ ತೋರಿಸುವುದು? ರಕ್ತ ಪರೀಕ್ಷೆಯಿಂದಾಗಲಿ ಸ್ಕ್ಯಾನ್‌ನಿಂದಾಗಲಿ ಎಡಿಎಚ್‌ಡಿ ಗೊತ್ತಾಗುವುದಿಲ್ಲ. ಮೊದಲು ಮಕ್ಕಳ ಡಾಕ್ಟರು ಕಣ್ಣು, ಕಿವಿ, ಥೈರಾಯ್ಡ್, ನಿದ್ದೆ ನೋಡುತ್ತಾರೆ. ಆಮೇಲೆ ಮಾನಸಿಕ ತಜ್ಞರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟ್ ಮನೆಯವರ ಹತ್ತಿರ, ಮಗುವಿನ ಹತ್ತಿರ ಮಾತಾಡಿ, ಟೀಚರ್ ತುಂಬಬೇಕಾದ ಫಾರ್ಮ್ ಕೊಡುತ್ತಾರೆ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆಯೇ ಇರಬೇಕು, ಆರು ತಿಂಗಳಾದರೂ ನಡೆದಿರಬೇಕು, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಆದ್ದರಿಂದ ಟೀಚರ್ ತುಂಬಿದ ಫಾರ್ಮ್ ಬಹಳ ಮುಖ್ಯ. ಮಂಗಳೂರು, ದೇರಳಕಟ್ಟೆ, ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮಾನಸಿಕ ವಿಭಾಗ ಇದೆ. ಖರ್ಚು ಕಷ್ಟವಾದರೆ ಮಂಗಳೂರಿನ ವೆನ್‌ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಎಲ್ಲಿಂದ ಶುರು ಮಾಡುವುದು ಅಂತಲೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕೆ ಸರಕಾರದ ಸಹಾಯವಾಣಿ. 2022ರಲ್ಲಿ ಶುರುವಾದದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಓದುವುದು, ಬರೆಯುವುದು, ಲೆಕ್ಕ ಇವುಗಳ ಕಲಿಕೆಯ ತೊಂದರೆ ಇದೆಯಾ ಅಂತಲೂ ಅದೇ ಸಲ ಪರೀಕ್ಷಿಸಲು ಹೇಳಿ. ಇದಕ್ಕೆ ಎರಡು ಕಾರಣ. ಎಡಿಎಚ್‌ಡಿ ಜೊತೆ ಅದು ಇರುವುದು ಸಾಮಾನ್ಯ. ಎರಡನೆಯದು ಕಾನೂನಿನದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ. ನಿರ್ದಿಷ್ಟ ಕಲಿಕಾ ತೊಂದರೆ ಅದರಲ್ಲಿದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಇದು ಸರಿಯಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸದ್ಯಕ್ಕೆ ಬೋರ್ಡ್ ಪರೀಕ್ಷೆಯ ಹೆಚ್ಚುವರಿ ಸಮಯ ಮುಂತಾದ್ದು ಸರ್ಟಿಫಿಕೇಟ್ ಮೇಲೆ ನಿಂತಿರುವುದರಿಂದ ಎಂಟನೇ ಕ್ಲಾಸಿನಲ್ಲೇ ಶಾಲೆಯ ಆಫೀಸಿನಲ್ಲಿ ವಿಚಾರಿಸುವುದು ಒಳ್ಳೆಯದು. ಹತ್ತನೇ ಕ್ಲಾಸಿನ ಜನವರಿಯಲ್ಲಿ ಓಡಾಡಿದರೆ ಆಗುವುದಿಲ್ಲ.

ಆದರೆ ದಿನನಿತ್ಯದ ಕ್ಲಾಸಿಗೆ ಯಾವ ಸರ್ಟಿಫಿಕೇಟೂ ಬೇಕಿಲ್ಲ, ಟೀಚರ್ ಒಪ್ಪಿದರೆ ಸಾಕು. ನಾನು ಮೊದಲ ಸಲ ಶಾಲೆಗೆ ಹೋದಾಗ ಹನ್ನೆರಡು ಪುಟದ ವರದಿ ಮುಂದಿಟ್ಟೆ. ಐವತ್ತು ಮಕ್ಕಳ ಕ್ಲಾಸ್ ನಡೆಸುವವರು ಅದನ್ನು ಯಾವಾಗ ಓದಿಯಾರು? ಎರಡನೇ ಸಲ ಒಂದೇ ಹಾಳೆ ಒಯ್ದೆ. ಅವಳಿಗೆ ಏನು ಚೆನ್ನಾಗಿ ಬರುತ್ತದೆ ಅಂತ ಮೊದಲೆರಡು ಸಾಲು, ಎಲ್ಲಿ ಸಿಕ್ಕಿಬೀಳುತ್ತಾಳೆ ಅಂತ ಎರಡು ಸಾಲು, ನಮ್ಮ ಮೂರು ಬೇಡಿಕೆ. ಹೋಂವರ್ಕನ್ನು ಬಾಯಲ್ಲಿ ಹೇಳಿದರೂ ಬೋರ್ಡಿನ ಒಂದು ಮೂಲೆಯಲ್ಲಿ ಬರೆಯಬೇಕು. ಬೆಳಿಗ್ಗೆ ಹಾಜರಿ ಕರೆಯುವಾಗಲೇ "ಹಾಳೆ ತೆಗೆದು ಮೇಜಿನ ಮೇಲಿಡು" ಅಂತ ಒಂದು ಸನ್ನೆ ಮಾಡಬೇಕು. ಟೆಸ್ಟ್ ಮುಗಿಯುವ ಹತ್ತು ನಿಮಿಷ ಮುಂಚೆ ಅವಳ ಬೆಂಚಿನ ಹತ್ತಿರ ಬಂದು ಕೊನೆಯ ಪುಟದ ಮೇಲೆ ಬೆರಳಿಡಬೇಕು. ಕ್ಲಾಸ್ ಟೀಚರ್ ಮೂರನ್ನೂ ಒಪ್ಪಿದರು. ಆ ಬೆರಳಿನಿಂದ ಮುಂದಿನ ಟೆಸ್ಟಿನಲ್ಲಿ ಒಂಬತ್ತು ಮಾರ್ಕ್ಸ್ ಜಾಸ್ತಿ ಬಂತು. ಹೊಸದಾಗಿ ಏನೂ ಓದಿರಲಿಲ್ಲ.

ಈ ಮೂರು ಬೇಡಿಕೆಗಳಲ್ಲಿ ಒಂದೂ ಉಪದೇಶ ಅಲ್ಲ, ಗಮನಿಸಿ. ಎಡಿಎಚ್‌ಡಿ ಇರುವ ಮಗುವಿಗೆ ಏನು ಮಾಡಬೇಕು ಅನ್ನುವುದು ಗೊತ್ತಿರುತ್ತದೆ. ಆ ಗೊತ್ತಿರುವುದು ಮಾಡಬೇಕಾದ ಆ ನಿಮಿಷಕ್ಕೆ ಒದಗುವುದಿಲ್ಲ. ಅದಕ್ಕೇ ಸಹಾಯವೂ ಆ ನಿಮಿಷಕ್ಕೆ, ಆ ಜಾಗಕ್ಕೆ ಬರಬೇಕು. ರಾತ್ರಿ ಊಟದ ಹೊತ್ತಿಗೆ ಅರ್ಧ ಗಂಟೆ ಬುದ್ಧಿವಾದ ಹೇಳಿದರೆ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಅದು ಅಲ್ಲಿರುವುದಿಲ್ಲ. ನೂರು ಸಲ ಇಂಪೊಸಿಷನ್ ಬರೆಸಿದರೂ ಅಷ್ಟೇ. ಅಂದ ಹಾಗೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಜಗಳಕ್ಕೆ ಹೋಗಬೇಕಿಲ್ಲ, ಗೊತ್ತಿರಲಿ.

ಇನ್ನೊಂದು ತಪ್ಪು ಬಹಳ ಕಡೆ ನಡೆಯುತ್ತದೆ. "ಮೊದಲು ನೋಟ್ಸ್ ಕಂಪ್ಲೀಟ್ ಮಾಡು, ಆಮೇಲೆ ಕ್ವಿಜ್", "ಮಾರ್ಕ್ಸ್ ಬರುವವರೆಗೆ ಯಕ್ಷಗಾನ ಕ್ಲಾಸ್ ಬಂದ್." ಜಾಣ ಮಗುವಿನ ಜಾಣತನಕ್ಕೂ ಊಟ ಬೇಕು. ಬೇಜಾರು ಹಿಡಿಸುವ ಸುಲಭ ಕೆಲಸದಲ್ಲೇ ಎಡಿಎಚ್‌ಡಿ ಅತಿ ಜಾಸ್ತಿ ಕಾಡುತ್ತದೆ. ಕಷ್ಟದ, ಹೊಸ ಕೆಲಸ ಕೊಟ್ಟಾಗ ಇದೇ ಮಗು ಎಚ್ಚರಾಗುತ್ತದೆ. ಇಪ್ಪತ್ತು ಲೆಕ್ಕದ ಬದಲು ಆರು ಲೆಕ್ಕ, ಅದರಲ್ಲಿ ಎರಡು ನಿಜವಾಗಿ ಕಷ್ಟದ್ದು ಕೊಡಿ ಅಂತ ಕೇಳಿ. ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಾರೆ. ಮಗಳು ಶನಿವಾರ ಹೆಜ್ಜೆ ಕಲಿಯುತ್ತಾಳೆ. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಕಾಲು ಎದ್ದೇಳಬೇಕು. ಮರೆಯಲು ಅಲ್ಲಿ ಸಮಯವೇ ಇಲ್ಲ. ಅವಳು ತಾಳ ತಪ್ಪುವುದು ಕಡಿಮೆ. ವರ್ಷಕ್ಕೊಮ್ಮೆ ಪಿಲಿಕುಳದ ತಾರಾಲಯಕ್ಕೆ ಕರೆದೊಯ್ಯುತ್ತೇವೆ. ಇವೆರಡನ್ನೂ ಶಿಕ್ಷೆಯಾಗಿ ಕಿತ್ತುಕೊಳ್ಳುವುದಿಲ್ಲ ಅಂತ ನಾನೂ ಗಂಡನೂ ಮಾತಾಡಿಕೊಂಡಿದ್ದೇವೆ.

ಮನೆಯಲ್ಲಿ ನಮಗೆ ಸಿಕ್ಕ ದೊಡ್ಡ ಸಹಾಯ ಅತ್ತೆಯದ್ದು. ಅವರು ಬೆಳಿಗ್ಗೆ ಮಲ್ಲಿಗೆ ಕೊಯ್ದು ಚಾವಡಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಒಂದು ಭಾನುವಾರ ಮಗಳು ಪುಸ್ತಕ ತಂದು ಅವರ ಪಕ್ಕ ಕೂತಳು. ಅತ್ತೆ ಒಂದು ಮಾತೂ ಆಡಲಿಲ್ಲ. ಅವರ ಬೆರಳು ಓಡುತ್ತಿತ್ತು, ಇವಳ ಪೆನ್ನೂ ಓಡಿತು. ಪಕ್ಕದಲ್ಲಿ ಒಬ್ಬರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರೆ ಇಂಥ ಮಕ್ಕಳಿಗೆ ಕೆಲಸ ಹತ್ತುತ್ತದೆ ಅಂತ ಆಮೇಲೆ ಸೈಕಾಲಜಿಸ್ಟ್ ಹೇಳಿದರು. "ಅರ್ಧ ಗಂಟೆ" ಅಂದರೆ ಅವಳಿಗೆ ಏನೂ ಅನಿಸುವುದಿಲ್ಲ. "ಅಜ್ಜಿ ಬುಟ್ಟಿಯ ಹೂವು ಅರ್ಧ ಆಗುವವರೆಗೆ" ಅಂದರೆ ಕಣ್ಣಿಗೆ ಕಾಣುತ್ತದೆ. ಸಂಜೆ ಅತ್ತೆ ಮೆಟ್ಟುಕತ್ತಿಯ ಮುಂದೆ ಕೂತು ತರಕಾರಿ ಹೆಚ್ಚುವಾಗ ಹೋಂವರ್ಕ್. ಅತ್ತೆ ಇಲ್ಲದ ದಿನ ಅಡುಗೆಮನೆಯ ಟೈಮರ್ ಇಟ್ಟುಕೊಂಡು ನಾನು ಕೂರುತ್ತೇನೆ.

ಮಾತ್ರೆಯ ಬಗ್ಗೆ ಜನ ಬಹಳ ಹೆದರುತ್ತಾರೆ, ನಾನೂ ಹೆದರಿದ್ದೆ. ಸಾಮಾನ್ಯವಾಗಿ ಬರೆಯುವುದು ಮಿಥೈಲ್‌ಫೆನಿಡೇಟ್. ಇದು ನಿದ್ದೆಯ ಮಾತ್ರೆ ಅಲ್ಲ, ಮಗುವನ್ನು ಮಂಕು ಮಾಡುವುದು ಇದರ ಉದ್ದೇಶವೂ ಅಲ್ಲ. ಮಿದುಳಿನಲ್ಲಿ ಡೋಪಮಿನ್ ಮುಂತಾದ ಸಂದೇಶದ ರಾಸಾಯನಿಕಗಳು ಬೇಕಾದಷ್ಟು ಹೊತ್ತು ನಿಲ್ಲುವಂತೆ ಮಾಡುತ್ತದೆ. ಅರ್ಧ, ಒಂದು ಗಂಟೆಯಲ್ಲಿ ಕೆಲಸ ಶುರು, ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಇನ್ನೊಂದು ಅಟೊಮೊಕ್ಸೆಟಿನ್. ಅದರ ಗುಣ ಕಾಣಲು ವಾರಗಳು ಬೇಕು. ಆತಂಕವೂ ಇರುವ ಮಕ್ಕಳಿಗೆ ಯಾವುದು ಸರಿ ಅಂತ ಡಾಕ್ಟರು ತೂಗಿ ನೋಡುತ್ತಾರೆ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಮಿಥೈಲ್‌ಫೆನಿಡೇಟಿನ ಸಾಮಾನ್ಯ ತೊಂದರೆ. ಹಾಗಾಗಿ ತೂಕ, ಎತ್ತರ, ನಾಡಿ, ಬಿಪಿ ಆಗಾಗ ನೋಡಿಸಬೇಕು. ನಾವು ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿಂಡಿ ಕೊಡುತ್ತೇವೆ, ಸಂಜೆ ಹಸಿವು ಬಂದಾಗ ಕುಚ್ಚಲಕ್ಕಿ ಗಂಜಿ, ತುಪ್ಪ. ನಿಯಂತ್ರಣ ಇರುವ ಔಷಧಿಯಾದ್ದರಿಂದ ಎಲ್ಲ ಮೆಡಿಕಲ್‌ಗಳಲ್ಲೂ ಸಿಗುವುದಿಲ್ಲ. ಮುಗಿಯುವ ಮೊದಲೇ ನೋಡಿಕೊಳ್ಳಿ.

ಆತಂಕಕ್ಕೆ ಮುಖ್ಯವಾಗಿ ಮಾತಿನ ಚಿಕಿತ್ಸೆ. ಸಿಬಿಟಿ ಅನ್ನುತ್ತಾರೆ. ಹೆದರಿದ ಕೆಲಸವನ್ನು ಚಿಕ್ಕ ಚಿಕ್ಕ ಮೆಟ್ಟಿಲು ಮಾಡಿ ಹತ್ತಿಸುವುದು ಅದರ ತಿರುಳು. ಮಗಳ ಮೆಟ್ಟಿಲುಗಳು ಹೀಗಿದ್ದವು: ತಡವಾದ ಹಾಳೆಯನ್ನು ಮೊದಲು ನನ್ನ ಕೈಯಲ್ಲಿ ಕಳಿಸುವುದು, ಆಮೇಲೆ ತಾನೇ ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ಬರುವುದು, ಆಮೇಲೆ ಟೀಚರ್ ಕೈಗೇ ಕೊಡುವುದು. ಇದಕ್ಕೆ ಎರಡು ತಿಂಗಳು ಹಿಡಿಯಿತು. ಒಂದು ಸಲ ಸ್ಟಾಫ್ ರೂಮಿನ ಬಾಗಿಲಿನಿಂದ ವಾಪಸ್ ಬಂದಳು. "ಬಾಗಿಲವರೆಗೆ ಹೋದೆಯಲ್ಲ" ಅಂತ ಅಂದು ಅಲ್ಲಿಗೇ ಬಿಟ್ಟೆವು.

ಕಳೆದ ತಿಂಗಳ ಮಾತು. ಸಮಾಜ ವಿಜ್ಞಾನದ ಕ್ಲಾಸಿನಲ್ಲಿ ಟೀಚರ್ ಉದ್ದದ ಪ್ರಶ್ನೆಯೊಂದನ್ನು ಬಾಯಲ್ಲೇ ಹೇಳಿ ಬರೆಯಿರಿ ಅಂದರಂತೆ. ಇವಳು ಎದ್ದು ನಿಂತು, "ಟೀಚರ್, ನನಗೆ ಮೊದಲಿನ ಅರ್ಧ ಮಾತ್ರ ಸಿಕ್ಕಿದ್ದು. ಇನ್ನೊಂದು ಸಲ ಹೇಳ್ತೀರಾ?" ಅಂತ ಕೇಳಿದಳಂತೆ. ಟೀಚರ್ ಮತ್ತೆ ಹೇಳಿದರು. ಹಿಂದಿನ ಬೆಂಚಿನ ಇಬ್ಬರು ಮಕ್ಕಳೂ ಅದನ್ನು ಕೇಳಿಕೊಂಡು ಬರೆದುಕೊಂಡರಂತೆ. ಸಂಜೆ ವ್ಯಾನ್ ಇಳಿದವಳು ಚಪ್ಪಲಿ ಬಿಡುವ ಮೊದಲೇ ಅಜ್ಜಿಗೆ ಇದನ್ನು ಹೇಳಿದಳು. ಕೊಡೆ ಮಾತ್ರ ಶಾಲೆಯಲ್ಲೇ ಉಳಿದಿತ್ತು.